ಎಕ್ಸ್ ಇಲ್ಲದ ಕಾಲದ ಲೆಕ್ಕದ ಮೇಷ್ಟ್ರು: ಮಹಾವೀರಾಚಾರ್ಯ

ಒಂಬತ್ತು ಮಾದಲ ಹಣ್ಣು, ಏಳು ಬೇಲದ ಹಣ್ಣು ತಗೊಂಡ್ರೆ ಒಟ್ಟು ಬೆಲೆ 107. ಏಳು ಮಾದಲ, ಒಂಬತ್ತು ಬೇಲ ತಗೊಂಡ್ರೆ 101. ಹಾಗಾದರೆ ಒಂದು ಮಾದಲಕ್ಕೆ ಎಷ್ಟು, ಒಂದು ಬೇಲಕ್ಕೆ ಎಷ್ಟು?

ನೋಡಿದ ತಕ್ಷಣ ಇದು ಪ್ಲೇಸ್‌ಮೆಂಟ್ ಆಪ್ಟಿಟ್ಯೂಡ್ ಪುಸ್ತಕದ ಪ್ರಶ್ನೆ ಅನ್ಸುತ್ತೆ. ಆದರೆ ಈ ಲೆಕ್ಕ ಕೊಟ್ಟ ಮೇಷ್ಟ್ರು ತೀರಿಹೋಗಿ ಸಾವಿರ ವರ್ಷಕ್ಕೂ ಜಾಸ್ತಿ ಆಗಿದೆ. ಅವರ ಹೆಸರು ಮಹಾವೀರಾಚಾರ್ಯ, ಪುಸ್ತಕದ ಹೆಸರು ಗಣಿತಸಾರಸಂಗ್ರಹ, ಕಾಲ ಸುಮಾರು 850. (ಜೈನ ತೀರ್ಥಂಕರ ವರ್ಧಮಾನ ಮಹಾವೀರರು ಬೇರೆ, ಇವರು ಬೇರೆ. ಇವರೂ ಜೈನರೇ, ಅದಕ್ಕೇ ಗೊಂದಲ.) ಹಿಸ್ಟರಿ ಪುಸ್ತಕದಲ್ಲಿ ರಾಷ್ಟ್ರಕೂಟರ ಪಾಠದ ಕೊನೆಗೆ ಒಂದು ಸಾಲಿನಲ್ಲಿ ಈ ಹೆಸರು ಬಂದು ಹೋಗುತ್ತೆ. ನಾವೆಲ್ಲ ಆ ಸಾಲನ್ನ ಒಂದು ಮಾರ್ಕ್ಸ್‌ಗೆ ಓದಿದವರೇ. ಎಂಜಿನಿಯರಿಂಗ್ ಓದುವವರಿಗೆ ಅವರು ಒಂದು ಮಾರ್ಕ್ಸ್‌ಗಿಂತ ಜಾಸ್ತಿ ಬೆಲೆಬಾಳ್ತಾರೆ ಅನ್ನೋದು ನಮ್ಮ ಅಭಿಪ್ರಾಯ.

ಮಹಾವೀರಾಚಾರ್ಯರು ತಮ್ಮ ಪುಸ್ತಕದಲ್ಲಿ ತಮ್ಮ ಊರು, ಅಪ್ಪ ಅಮ್ಮ, ಗುರು, ಯಾವುದರ ಬಗ್ಗೆಯೂ ಹೇಳಿಕೊಂಡಿಲ್ಲ. ಮೊದಲು ಜಿನನಿಗೆ ನಮಸ್ಕಾರ ಮಾಡ್ತಾರೆ, ಆಮೇಲೆ ಕೆಲವು ಪದ್ಯಗಳಲ್ಲಿ ಅಮೋಘವರ್ಷ ನೃಪತುಂಗನನ್ನು ಹೊಗಳ್ತಾರೆ, ಆಮೇಲೆ ನೇರ ಲೆಕ್ಕ. ಆದರೆ ಆ ರಾಜನ ಹೆಸರು ಸಿಕ್ಕಿದ್ದೇ ಸಾಕು, ಅವರು ಬದುಕಿದ ಕಾಲ ಪೂರ್ತಿ ಕಣ್ಣ ಮುಂದೆ ಬರುತ್ತೆ.

ಅಮೋಘವರ್ಷ 814ರಲ್ಲಿ ಇನ್ನೂ ಹುಡುಗನಾಗಿದ್ದಾಗಲೇ ಪಟ್ಟಕ್ಕೆ ಬಂದು, ಸುಮಾರು 878ರವರೆಗೆ ಆಳಿದ. ಅಂದರೆ ಹತ್ತಿರ ಹತ್ತಿರ 64 ವರ್ಷ. ಅವನ ರಾಜಧಾನಿ ಮಾನ್ಯಖೇಟ, ಇವತ್ತಿನ ಕಲಬುರಗಿ ಜಿಲ್ಲೆಯ ಮಳಖೇಡ, ಕಾಗಿಣಾ ನದಿ ದಂಡೆ. ಕನ್ನಡದಲ್ಲಿ ನಮಗೆ ಸಿಕ್ಕಿರುವ ಅತಿ ಹಳೆಯ ಗ್ರಂಥ ಕವಿರಾಜಮಾರ್ಗ ಹುಟ್ಟಿದ್ದು ಇವನ ಕಾಲದಲ್ಲೇ. ಆದಿಪುರಾಣ ಬರೆದ ಜಿನಸೇನಾಚಾರ್ಯರು ಇವನ ಗುರು. ಪಶ್ಚಿಮ ಕರಾವಳಿಯ ಬಂದರುಗಳಲ್ಲಿ ಅರಬ್ ವ್ಯಾಪಾರಿಗಳ ಹಡಗು ಬಂದು ನಿಲ್ತಿದ್ದ ಕಾಲ ಅದು. 851ರಲ್ಲಿ ಸುಲೈಮಾನ್ ಅನ್ನೋ ವ್ಯಾಪಾರಿಯ ಹೆಸರಿನಲ್ಲಿ ಬಂದ ಬರಹ, ರಾಷ್ಟ್ರಕೂಟ ದೊರೆಯನ್ನು ಪ್ರಪಂಚದ ನಾಲ್ಕು ದೊಡ್ಡ ರಾಜರಲ್ಲಿ ಒಬ್ಬ ಅಂತ ಲೆಕ್ಕ ಹಾಕಿದೆ. ಇಂಥ ಕಡೆ ವ್ಯಾಪಾರ ಇರುತ್ತೆ, ಬಡ್ಡಿ ಇರುತ್ತೆ, ಚಿನ್ನದ ಬೆರಕೆ ಇರುತ್ತೆ, ಕೆರೆ ತೋಡುವ ಕೂಲಿ ಇರುತ್ತೆ. ಲೆಕ್ಕ ಗೊತ್ತಿರೋರು ಬೇಕೇ ಬೇಕು.

ಅದಕ್ಕೂ ಮುಂಚೆ ಆರ್ಯಭಟ, ಬ್ರಹ್ಮಗುಪ್ತರು ಗಣಿತವನ್ನು ಖಗೋಳದ ಪುಸ್ತಕದೊಳಗೆ ಒಂದೆರಡು ಅಧ್ಯಾಯ ಮಾಡಿ ಇಟ್ಟಿದ್ದರು. ಮಹಾವೀರಾಚಾರ್ಯರು ಬರೀ ಗಣಿತಕ್ಕೇ ಅಂತ ಒಂದು ಇಡೀ ಪುಸ್ತಕ ಬರೆದರು. ಒಂಬತ್ತು ಅಧ್ಯಾಯ, ಸಂಸ್ಕೃತದಲ್ಲಿ 1100ಕ್ಕೂ ಹೆಚ್ಚು ಪದ್ಯ. ಮೊದಲ ಅಧ್ಯಾಯ ಬಿಟ್ಟರೆ ಉಳಿದವುಗಳ ಹೆಸರಿನಲ್ಲೆಲ್ಲ ವ್ಯವಹಾರ ಅನ್ನೋ ಪದ ಬರುತ್ತೆ. ಶಾಸ್ತ್ರದಲ್ಲಿ ಅದಕ್ಕೆ ಗಣಿತದ ಒಂದು ಕ್ರಮ ಅನ್ನೋ ಅರ್ಥ. ಆದರೆ ನಾವು ಇವತ್ತು ಅಂಗಡಿಯಲ್ಲಿ, ಬ್ಯಾಂಕಲ್ಲಿ ಹೇಳುವ ವ್ಯವಹಾರ ಅನ್ನೋ ಪದವೂ ಅದೇ ತಾನೇ? ಪುಸ್ತಕದ ಶುರುವಿನಲ್ಲೇ ಅವರು ಗಣಿತ ಎಲ್ಲೆಲ್ಲಿ ಬೇಕು ಅಂತ ಪಟ್ಟಿ ಕೊಡ್ತಾರೆ. ಅದರಲ್ಲಿ ಸಂಗೀತ, ನಾಟಕ, ವೈದ್ಯ, ಮನೆ ಕಟ್ಟುವ ವಿದ್ಯೆ, ಛಂದಸ್ಸು, ವ್ಯಾಕರಣದ ಜೊತೆ ಅಡುಗೆಯೂ ಇದೆ. ಅಡುಗೆ ಸೇರಿಸಿದ್ದು ನೋಡಿ ನಮಗೆ ಈ ಮೇಷ್ಟ್ರು ಇಷ್ಟ ಆದರು.

ಈಗ ಹಣ್ಣಿನ ಲೆಕ್ಕಕ್ಕೆ ಬರೋಣ. ನಾವಾದರೆ ತಕ್ಷಣ ಎಕ್ಸ್, ವೈ ಹಾಕ್ತೀವಿ. ಅವರ ಹತ್ತಿರ ಎಕ್ಸ್ ಇರಲಿಲ್ಲ. ಗೊತ್ತಿಲ್ಲದ್ದಕ್ಕೆ ಎಕ್ಸ್ ಬರೆಯುವ ಅಭ್ಯಾಸ ಡೆಕಾರ್ಟ್ ಪುಸ್ತಕದಿಂದ ಬಂದಿದ್ದು, 1637ರಲ್ಲಿ. ಸಮ ಅನ್ನೋದಕ್ಕೆ ಹಾಕುವ ಎರಡು ಗೆರೆ ಕೂಡ 1557ರದ್ದು, ರಾಬರ್ಟ್ ರೆಕಾರ್ಡ್ ಕೊಟ್ಟಿದ್ದು. ಮಹಾವೀರಾಚಾರ್ಯರ ಕಾಲಕ್ಕೆ ಸರಿಸುಮಾರು ಹತ್ತಿರದಲ್ಲೇ ಬಾಗ್ದಾದಿನಲ್ಲಿ ಅಲ್ ಖ್ವಾರಿಜ್ಮಿ ಆಲ್ಜೀಬ್ರಾಗೆ ಹೆಸರು ಕೊಟ್ಟ ಪುಸ್ತಕ ಬರೆದ, ಅದರಲ್ಲೂ ಚಿಹ್ನೆ ಇಲ್ಲ, ಎಲ್ಲ ಮಾತಲ್ಲೇ. ಅವನ ಉದಾಹರಣೆಗಳೂ ಆಸ್ತಿ ಪಾಲು, ವ್ಯಾಪಾರ ಇಂಥವೇ. ಹಾಗಾಗಿ ನಾವು ಇಲ್ಲಿ ಎಕ್ಸ್ ಬಿಟ್ಟು, ವಸ್ತುವಿನ ಹೆಸರಿನ ಮೊದಲ ಅಕ್ಷರವನ್ನೇ ಬಳಸ್ತೀವಿ. ಇದೇನು ನಮ್ಮ ಕಂಡುಹಿಡಿತ ಅಲ್ಲ. ಹಳೆಯ ಬೀಜಗಣಿತದವರು ಯಾವತ್ತಾವತ್, ಕಾಳಕ, ನೀಲಕ ಅನ್ನೋ ಪದಗಳನ್ನ ಯಾ, ಕಾ, ನೀ ಅಂತ ಚಿಕ್ಕದು ಮಾಡಿ ಬರೀತಿದ್ದರು. ಮಾದಲದ ಬೆಲೆ ಮಾ, ಬೇಲದ ಬೆಲೆ ಬೇ ಇರಲಿ.

9ಮಾ + 7ಬೇ = 107
7ಮಾ + 9ಬೇ = 101

ಮಹಾವೀರಾಚಾರ್ಯರ ಸೂತ್ರ ಹೀಗಿದೆ: ದೊಡ್ಡ ಬೆಲೆಯನ್ನು ದೊಡ್ಡ ಸಂಖ್ಯೆಯಿಂದ ಗುಣಿಸು, ಚಿಕ್ಕ ಬೆಲೆಯನ್ನು ಚಿಕ್ಕ ಸಂಖ್ಯೆಯಿಂದ ಗುಣಿಸು, ಕಳೆ, ಎರಡು ಸಂಖ್ಯೆಗಳ ವರ್ಗದ ವ್ಯತ್ಯಾಸದಿಂದ ಭಾಗಿಸು. 9 × 107 = 963. 7 × 101 = 707. ವ್ಯತ್ಯಾಸ 256. 81 − 49 = 32. 256ನ್ನು 32ರಿಂದ ಭಾಗಿಸಿದರೆ 8. ಮಾದಲ 8, ಬೇಲ 5. ಒಂದು ನಿಮಿಷ ಆ 32ನ್ನೇ ನೋಡಿ. ಅದು 9, 7, 7, 9 ಇರುವ ಮ್ಯಾಟ್ರಿಕ್ಸಿನ ಡಿಟರ್ಮಿನೆಂಟ್! ನಾವು ಕ್ರಾಮರ್ಸ್ ರೂಲ್ ಅಂತ ಓದಿದ್ದರ ಒಂದು ಸ್ಪೆಷಲ್ ಕೇಸ್ ಬೇಲದ ಹಣ್ಣಿನ ಲೆಕ್ಕದೊಳಗೆ ಕೂತಿದೆ. (ಬೇಲದ ಹಣ್ಣು ನೋಡೇ ಇಲ್ಲ ಅನ್ನೋರು ರಾಮನವಮಿ ದಿನ ಪಾನಕ ಹಂಚೋ ಕಡೆ ವಿಚಾರಿಸಿ.)

ಇದೇ ಲೆಕ್ಕ ನಮ್ಮ ಗೇಟಿನ ಮುಂದಿನ ಟೀ ಅಂಗಡಿಯಲ್ಲೂ ಮಾಡಬಹುದು. ಸೋಮವಾರ 5 ಟೀ, 3 ಬನ್, ಬಿಲ್ 135. ಮಂಗಳವಾರ 3 ಟೀ, 5 ಬನ್, ಬಿಲ್ 145. ಎರಡೂ ಕೂಡಿಸಿದರೆ 8 ಟೀ, 8 ಬನ್‌ಗೆ 280, ಅಂದರೆ ಒಂದು ಟೀ ಒಂದು ಬನ್ ಸೇರಿ 35. ಕಳೆದರೆ ಎರಡು ಬನ್ ಎರಡು ಟೀಗಿಂತ 10 ರೂಪಾಯಿ ಜಾಸ್ತಿ. ಟೀ 15, ಬನ್ 20. ಪೆನ್ನೇ ಬೇಡ.

ಆದರೆ ಬಿಡಿಸುವ ಭಾಗ ನಮಗೆ ಅಷ್ಟು ಮುಖ್ಯ ಅನ್ಸಲಿಲ್ಲ. ಇವತ್ತು ಬಿಡಿಸೋಕೆ ಕ್ಯಾಲ್ಕುಲೇಟರ್ ಇದೆ. ಕಷ್ಟ ಇರೋದು ಮಾತನ್ನು ಸಮೀಕರಣ ಮಾಡೋದರಲ್ಲಿ. ಮಹಾವೀರಾಚಾರ್ಯರ ಪುಸ್ತಕ ಅದನ್ನೇ ನೂರಾರು ಸಲ ಮಾಡಿಸುತ್ತೆ. ಅವರು ಲೆಕ್ಕಗಳನ್ನು ಕಥೆಯ ಪ್ರಕಾರ ಜೋಡಿಸಿಲ್ಲ, ಒಳಗಿರುವ ಆಕಾರದ ಪ್ರಕಾರ ಜೋಡಿಸಿದ್ದಾರೆ. ನಾಲ್ಕನೇ ಅಧ್ಯಾಯದಲ್ಲಿ ಇಂಥ ಹತ್ತು ಬಗೆ ಇವೆ, ಅವಕ್ಕೆ ಜಾತಿ ಅಂತ ಹೆಸರು. (ಇಲ್ಲಿ ಜಾತಿ ಅಂದ್ರೆ ಟೈಪ್ ಅಷ್ಟೇ.) ಕಂಬ, ಒಂಟೆ, ದುಂಬಿ, ಆನೆ, ಮುತ್ತು, ಏನೇ ಬರಲಿ, ಮೊದಲು ಇದು ಯಾವ ಜಾತಿ ಅಂತ ಗುರುತಿಸಬೇಕು.

ಭಾಗ ಜಾತಿಗೆ ಒಂದು ಕಂಬದ ಲೆಕ್ಕ ಇದೆ. ಕಂಬದ ಎಂಟನೇ ಒಂದು ಭಾಗ ನೆಲದಲ್ಲಿ ಹೂತಿದೆ, ಮೂರನೇ ಒಂದು ಭಾಗ ನೀರಲ್ಲಿದೆ, ನಾಲ್ಕನೇ ಒಂದು ಭಾಗ ಪಾಚಿಯಲ್ಲಿದೆ, ಮೇಲೆ ಗಾಳಿಯಲ್ಲಿ ಕಾಣುತ್ತಿರೋದು 7 ಮೊಳ. ಕಂಬ ಒಟ್ಟು ಎಷ್ಟು ಉದ್ದ?

ಕಂ − ಕಂ/8 − ಕಂ/3 − ಕಂ/4 = 7

ಮೂರು ಭಾಗ ಸೇರಿ 17/24, ಉಳಿದದ್ದು 7/24, ಅದೇ 7 ಮೊಳ, ಆದ್ದರಿಂದ ಕಂಬ 24 ಮೊಳ. ಈ ಜಾತಿಯ ಲೆಕ್ಕಗಳಲ್ಲಿ ಕೊನೆಗೆ ಸಂಖ್ಯೆಯಾಗಿ ಗೊತ್ತಿರುವ ಭಾಗಕ್ಕೆ ದೃಶ್ಯ ಅಂತ ಹೆಸರು, ಅಂದರೆ ಕಣ್ಣಿಗೆ ಕಾಣುವುದು. ನಾವು ಕಾನ್‌ಸ್ಟಂಟ್ ಟರ್ಮ್ ಅಂತೀವಲ್ಲ, ಅದು. ಈ ಪದ ನಮಗೆ ತುಂಬಾ ಹಿಡಿಸಿತು. ಕಾಣೋದು ಯಾವುದು, ಕಾಣದ್ದು ಯಾವುದು ಅಂತ ಬೇರೆ ಮಾಡಿದರೆ ಅರ್ಧ ಸಮೀಕರಣ ಬರೆದ ಹಾಗೆ. ಕಾಣದ್ದಕ್ಕೆ ಒಂದು ಹೆಸರು ಕೊಡು, ಕಥೆಯಲ್ಲಿ ಅದಕ್ಕೆ ಏನೇನಾಯಿತೋ ಅದನ್ನೆಲ್ಲ ಅದೇ ಆರ್ಡರ್‌ನಲ್ಲಿ ಮಾಡು, ಕೊನೆಗೆ ಕಾಣೋದರ ಮುಂದೆ ತಂದು ನಿಲ್ಲಿಸು.

ಶೇಷ ಅಂದರೆ ಉಳಿದದ್ದರಲ್ಲಿ ಮತ್ತೆ ಭಾಗ ಮಾಡುತ್ತಾ ಹೋಗೋದು. ಅವರ ಮುತ್ತಿನ ಹಾರದ ಲೆಕ್ಕ ಹೆಚ್ಚು ಹೆಸರುವಾಸಿ. ಗಂಡ ಹೆಂಡತಿಯ ಸರಸದಲ್ಲಿ ಹಾರ ಹರಿದುಹೋಗುತ್ತೆ. (ಹೌದು, ಗಣಿತದ ಪುಸ್ತಕದಲ್ಲೇ.) ಮೂರನೇ ಒಂದು ಭಾಗ ಮುತ್ತು ದಾಸಿಗೆ ಸಿಗುತ್ತೆ, ಆರನೇ ಒಂದು ಭಾಗ ಹಾಸಿಗೆ ಮೇಲೆ, ಉಳಿದದ್ದರಲ್ಲಿ ಅರ್ಧ, ಮತ್ತೆ ಉಳಿದದ್ದರಲ್ಲಿ ಅರ್ಧ, ಹೀಗೆ ಆರು ಸಲ ಚೆಲ್ಲಾಪಿಲ್ಲಿ. ಕೊನೆಗೆ ಉಳಿದದ್ದು 1161. ಮೊದಲ ಎರಡು ಸೇರಿ ಅರ್ಧ ಹೋಯಿತು, ಆಮೇಲೆ ಆರು ಸಲ ಅರ್ಧ. ಒಟ್ಟು 1161 × 128, ಅಂದರೆ 1,48,608 ಮುತ್ತು. ಅಷ್ಟು ಮುತ್ತಿನ ಹಾರ ಹಾಕ್ಕೊಂಡು ಎದ್ದು ನಿಲ್ಲೋದಾದರೂ ಹೇಗೆ ಅಂತ ನಮಗೆ ಡೌಟು. ಆದರೂ ಲೆಕ್ಕದ ಆಕಾರ ಇವತ್ತಿಗೂ ಹಾಗೇ ಇದೆ. ಎಲೆಕ್ಟ್ರಾನಿಕ್ ಸಿಟಿಯಲ್ಲಿ ಇಂಟರ್ನ್‌ಶಿಪ್ ಮಾಡೋ ಒಬ್ಬ ಸೀನಿಯರ್ ಇದ್ದಾರೆ ಅಂದ್ಕೊಳ್ಳಿ. ಸ್ಟೈಪೆಂಡ್‌ನಲ್ಲಿ ಮೂರನೇ ಒಂದು ಭಾಗ ಪಿಜಿ ಬಾಡಿಗೆ, ಆರನೇ ಒಂದು ಭಾಗ ಊರಿಗೆ. ಆಮೇಲೆ ಪ್ರತಿ ವಾರ ಕೈಲಿರೋದರಲ್ಲಿ ಅರ್ಧ ಖರ್ಚು. ನಾಲ್ಕು ವಾರ ಆದಮೇಲೆ ದೃಶ್ಯ 750 ರೂಪಾಯಿ. ಹಿಂದಕ್ಕೆ ಹೋದರೆ 750, 1500, 3000, 6000, 12000, ಮತ್ತೆ ಎರಡರಷ್ಟು ಮಾಡಿದರೆ ಸ್ಟೈಪೆಂಡ್ 24000. ಮುತ್ತಿನ ಜಾಗದಲ್ಲಿ ರೂಪಾಯಿ ಬಂತು, ಅಷ್ಟೇ.

ಮೂಲ ಜಾತಿಯಲ್ಲಿ ವರ್ಗಮೂಲ ಬರುತ್ತೆ. ಒಂಟೆ ಹಿಂಡಿನ ನಾಲ್ಕನೇ ಒಂದು ಭಾಗ ಕಾಡಲ್ಲಿ, ಹಿಂಡಿನ ವರ್ಗಮೂಲದ ಎರಡರಷ್ಟು ಬೆಟ್ಟದ ಮೇಲೆ, ಉಳಿದ 15 ನದಿ ದಂಡೆಯಲ್ಲಿ. ಇಲ್ಲಿ ಹಿಂಡಿಗೆ ಹೆಸರು ಕೊಡೋದಕ್ಕಿಂತ ಅದರ ಮೂಲಕ್ಕೆ ಮೂ ಅಂತ ಹೆಸರು ಕೊಟ್ಟರೆ ಜಾಣತನ. ಹಿಂಡು ಮೂ × ಮೂ ಆಗುತ್ತೆ, ಕ್ವಾಡ್ರಾಟಿಕ್ ತಾನಾಗೇ ಬರುತ್ತೆ, ಮೂ = 6, ಒಂಟೆ 36. ಕಾಡಲ್ಲಿ 9, ಬೆಟ್ಟದಲ್ಲಿ 12, ನದಿ ಹತ್ತಿರ 15, ಸರಿಹೋಯಿತು. ಯಾರೂ ಒಂಟೆಗಳ ವರ್ಗಮೂಲವನ್ನು ಬೆಟ್ಟಕ್ಕೆ ಹೊಡೆಯೋದಿಲ್ಲ, ಒಪ್ಪುತ್ತೀವಿ. ಇದು ಪ್ರಾಕ್ಟೀಸ್‌ಗೆ ಅಂತಲೇ ಕಟ್ಟಿದ ಕಥೆ.

ನಿಜವಾದ ವ್ಯವಹಾರ ಬೇಕು ಅಂದರೆ ಆರನೇ ಅಧ್ಯಾಯ, ಮಿಶ್ರಕ ವ್ಯವಹಾರ. ಅಸಲು, ಬಡ್ಡಿ ಸೇರಿಸಿ ಒಂದೇ ಮೊತ್ತ ಕೊಟ್ಟು, ಬೇರೆ ಬೇರೆ ಮಾಡು ಅಂತಾರೆ. ಬೇರೆ ಬೇರೆ ಬಣ್ಣದ ಚಿನ್ನ ಕರಗಿಸಿದರೆ ಕೊನೆಗೆ ಏನು ಸಿಗುತ್ತೆ ಅಂತ ಕೇಳ್ತಾರೆ. ಪೀಣ್ಯದ ಶೆಡ್ಡುಗಳಲ್ಲಿ ಕೈಸಾಲಕ್ಕೆ ನೂರಕ್ಕೆ ಎರಡು ರೂಪಾಯಿ ಬಡ್ಡಿ ಅಂದರೆ ತಿಂಗಳಿಗೆ ಅಂತ ಅರ್ಥ. ಹತ್ತು ತಿಂಗಳಿಗೆ ಅಸಲು ಬಡ್ಡಿ ಸೇರಿ 6000 ಕಟ್ಟಿದರೆ ಅಸಲು ಎಷ್ಟು? ಅಸಲು + ಅಸಲಿನ ಐದನೇ ಒಂದು ಭಾಗ = 6000. ಅಸಲು 5000. ಸಾಲ ಕೊಟ್ಟವರು ಬಾಯಲ್ಲಿ ಹೇಳಿದ ಲೆಕ್ಕವನ್ನು ಹೀಗೆ ಒಂದು ಸಾಲಲ್ಲಿ ಬರೆದು ನೋಡೋಕೆ ಬಂದರೆ ಮೋಸ ಹೋಗೋದು ಕಷ್ಟ. ಒಂಬತ್ತನೇ ಶತಮಾನದಲ್ಲೂ ಇದು ಬೇಕಾಗಿತ್ತು, ಈಗಲೂ ಬೇಕು.

ಅದೇ ಅಧ್ಯಾಯದಲ್ಲಿ ಮೂವರು ವ್ಯಾಪಾರಿಗಳ ಕಥೆ ಇದೆ. ದಾರಿಯಲ್ಲಿ ಒಂದು ದುಡ್ಡಿನ ಚೀಲ ಕಾಣುತ್ತೆ. ಚೀಲ ತನಗೆ ಸಿಕ್ಕರೆ ಉಳಿದಿಬ್ಬರ ದುಡ್ಡಿನ ಎರಡರಷ್ಟು ತನ್ನ ಹತ್ತಿರ ಇರುತ್ತೆ ಅಂತ ಮೊದಲನೆಯವನು ಲೆಕ್ಕ ಹಾಕ್ತಾನೆ. ಎರಡನೆಯವನು ತನಗೆ ಸಿಕ್ಕರೆ ಮೂರರಷ್ಟು ಅಂತ, ಮೂರನೆಯವನು ಐದರಷ್ಟು ಅಂತ. ಗೊತ್ತಿಲ್ಲದ್ದು ನಾಲ್ಕು, ಸಮೀಕರಣ ಮೂರು. ಹಾಗಾಗಿ ಅನುಪಾತ ಮಾತ್ರ ಸಿಗುತ್ತೆ, ಚಿಕ್ಕ ಪೂರ್ಣಾಂಕದಲ್ಲಿ ಮೂವರ ಹತ್ತಿರ 1, 3, 5, ಚೀಲದಲ್ಲಿ 15. ತಾಳೆ ನೋಡಿ: 1 + 15 ಅಂದರೆ 16, ಅದು 3 + 5ರ ಎರಡರಷ್ಟು. ಉಳಿದೆರಡನ್ನು ನೀವೇ ನೋಡಿ. ಮೂರು ಜನ ಹೇಳಿದ್ದು ನಿಜಾನೇ, ಆದರೂ ಚೀಲ ಯಾರಿಗೆ ಸಿಕ್ಕಿತು ಅಂತ ಪುಸ್ತಕಕ್ಕೆ ಬೇಕಿಲ್ಲ.

ಇಷ್ಟೆಲ್ಲ ಹೇಳೋಕೆ ನಮಗೊಂದು ಕಾರಣ ಇದೆ. ನಾವು ಈ ಮ್ಯಾಗಜೀನ್ ಮಾಡೋರಲ್ಲಿ ಹೆಚ್ಚಿನವರು ಎಲ್‌ಕೆಜಿಯಿಂದ ಇಂಗ್ಲಿಷ್ ಮೀಡಿಯಂ. ನಮ್ಮ ಜೊತೆ ಕ್ಲಾಸಲ್ಲಿ ಕೂರೋರಲ್ಲಿ ಹತ್ತನೇ ಕ್ಲಾಸಿನವರೆಗೆ ಕನ್ನಡದಲ್ಲಿ ಓದಿದವರಿದ್ದಾರೆ, ಡಿಪ್ಲೊಮಾ ಮುಗಿಸಿ ಸೆಕೆಂಡ್ ಇಯರ್‌ಗೆ ಬಂದವರಿದ್ದಾರೆ. ಸಮೀಕರಣ ಕೊಟ್ಟರೆ ನಮಗಿಂತ ಬೇಗ ಬಿಡಿಸ್ತಾರೆ. ಅದೇ ಲೆಕ್ಕ ಇಂಗ್ಲಿಷ್ ವಾಕ್ಯವಾಗಿ ಬಂದರೆ ನಿಂತುಬಿಡ್ತಾರೆ. ಆಪ್ಟಿಟ್ಯೂಡ್ ಟೆಸ್ಟಲ್ಲಿ ಒಂದು ಪ್ರಶ್ನೆಗೆ ಒಂದು ನಿಮಿಷ ಇರುವಾಗ, ಆ ನಿಂತದ್ದೇ ಕೆಲಸ ಕೈತಪ್ಪೋಕೆ ಸಾಕು. ಅವರಿಗೆ ಮ್ಯಾಥ್ಸ್ ವೀಕ್ ಅಂತ ಹಣೆಪಟ್ಟಿ ಹಚ್ಚೋದು ನಮಗೆ ಸುತರಾಂ ಒಪ್ಪಿಗೆ ಇಲ್ಲ.

ಫೈವ್ ಲೆಸ್ ದ್ಯಾನ್ ಟ್ವೈಸ್ ಎ ನಂಬರ್ ಅನ್ನೋದನ್ನ ಬರೆಯಿರಿ ಅಂದರೆ, ಇಂಗ್ಲಿಷ್ ಮೀಡಿಯಂನವರೂ ಎಷ್ಟೋ ಸಲ 5ನ್ನು ಮೊದಲು ಬರೆದು ಎಡವುತ್ತಾರೆ, ಯಾಕಂದರೆ ವಾಕ್ಯದಲ್ಲಿ 5 ಮೊದಲು ಬಂದಿದೆ. ಕನ್ನಡದಲ್ಲಿ ಹೇಳಿ ನೋಡಿ: ಒಂದು ಸಂಖ್ಯೆಯ ಎರಡರಷ್ಟಕ್ಕಿಂತ 5 ಕಡಿಮೆ. ಎರಡರಷ್ಟು ಮೊದಲು, 5 ಆಮೇಲೆ, ಕಡಿಮೆ ಕೊನೆಗೆ. 2ಸಂ − 5. ವಾಕ್ಯ ಹೋದ ದಾರಿಯಲ್ಲೇ ಪೆನ್ನು ಹೋಗುತ್ತೆ! ಹಾಗಂತ ಕನ್ನಡಕ್ಕೆ ಎಲ್ಲ ಕಡೆ ಹೀಗೆ ಲಾಭ ಇಲ್ಲ. ಎರಡು ಪಟ್ಟು ಜಾಸ್ತಿ ಅಂದರೆ ಎರಡರಷ್ಟೋ ಮೂರರಷ್ಟೋ ಅಂತ ನಮ್ಮ ಹಾಸ್ಟೆಲಲ್ಲಿ ಇನ್ನೂ ಜಗಳ ಇದೆ. ಭಾಷೆ ಯಾವುದೇ ಇರಲಿ, ಪದಗಳ ಸಾಲನ್ನೇ ಸಮೀಕರಣ ಅಂದುಕೊಂಡರೆ ಕೆಡುತ್ತೆ. 1980ರ ಸುಮಾರಿಗೆ ಅಮೆರಿಕದಲ್ಲಿ ಫಸ್ಟ್ ಇಯರ್ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಒಂದು ಸಣ್ಣ ಪರೀಕ್ಷೆ ಮಾಡಿದ್ದರು: ಒಬ್ಬ ಪ್ರೊಫೆಸರ್‌ಗೆ ಆರು ವಿದ್ಯಾರ್ಥಿಗಳ ಲೆಕ್ಕದಲ್ಲಿ ಇದ್ದಾರೆ, ಇದನ್ನ ಸಮೀಕರಣವಾಗಿ ಬರೆಯಿರಿ. ಮೂರರಲ್ಲಿ ಒಬ್ಬರಿಗಿಂತ ಹೆಚ್ಚು ಜನ ತಪ್ಪು ಬರೆದರು. ತಪ್ಪಿದವರಲ್ಲಿ ಬಹಳ ಜನ 6ವಿ = ಪ್ರೊ ಅಂತ ಬರೆದಿದ್ದರು. 6 ಯಾರ ಪಕ್ಕ ಇರಬೇಕು ಅಂತ ಯೋಚಿಸಿ, ಆಮೇಲೆ ವಿ ಜಾಗಕ್ಕೆ 60 ಹಾಕಿ ನೋಡಿ.

ಮಹಾವೀರಾಚಾರ್ಯರ ಬೇರೆ ಕೆಲಸಗಳನ್ನ ಬೇಗ ಹೇಳ್ತೀವಿ. ಎನ್ ವಸ್ತುಗಳಲ್ಲಿ ಆರ್ ವಸ್ತು ಆರಿಸುವ ಸೂತ್ರವನ್ನು ಸಾಮಾನ್ಯ ರೂಪದಲ್ಲಿ ಕೊಟ್ಟರು. ಸಂಖ್ಯಾಸ್ಥಾನಗಳಿಗೆ 24 ಹೆಸರು ಕೊಟ್ಟರು, ಕೊನೆಯದು ಮಹಾಕ್ಷೋಭ. 152207ನ್ನು 73ರಿಂದ ಗುಣಿಸಿದರೆ 11111111 ಬರುತ್ತೆ ಅನ್ನೋ ಥರದ ಹಾರದ ಸಂಖ್ಯೆಗಳನ್ನ ಮಜಾಕ್ಕೆ ಜೋಡಿಸಿದರು. ಋಣ ಸಂಖ್ಯೆಗೆ ವರ್ಗಮೂಲ ಇರೋದಿಲ್ಲ, ಯಾಕಂದರೆ ಅದು ಯಾವುದರ ವರ್ಗವೂ ಅಲ್ಲ ಅಂತ ಸ್ಪಷ್ಟವಾಗಿ ಬರೆದರು. ಸರ್ಕ್ಯೂಟ್ ಕ್ಲಾಸಲ್ಲಿ ಜೆ ಹಾಕೋ ನಮಗೆ ಇದು ತಮಾಷೆ ಅನ್ನಿಸಬಹುದು, ಆದರೆ ಪ್ರಶ್ನೆಯನ್ನ ಗಮನಿಸಿ ಎತ್ತಿದ್ದೇ ದೊಡ್ಡದು. ಒಂದು ಕಡೆ ಅವರು ಜಾರಿದ್ದಾರೆ: ಸೊನ್ನೆಯಿಂದ ಭಾಗಿಸಿದರೆ ಸಂಖ್ಯೆ ಹಾಗೇ ಉಳಿಯುತ್ತೆ ಅಂದರು. ಮಹಾನ್ ಗಣಿತಜ್ಞ ಅಂತ ಹೊಗಳುವ ಲೇಖನಗಳು ಇದನ್ನ ಬಿಟ್ಟುಬಿಡ್ತವೆ, ನಾವು ಬಿಡಲ್ಲ.

ಪುಸ್ತಕ ಅವರ ನಂತರ ದಕ್ಷಿಣದಲ್ಲಿ ಚೆನ್ನಾಗಿ ಓಡಾಡಿತು. 11ನೇ ಶತಮಾನದಲ್ಲಿ ಪಾವುಲೂರಿ ಮಲ್ಲನ ಅದನ್ನು ತೆಲುಗಿಗೆ ತಂದ. ಕನ್ನಡದಲ್ಲಿ 12ನೇ ಶತಮಾನದ ರಾಜಾದಿತ್ಯ ವ್ಯವಹಾರಗಣಿತ ಬರೆದ, ಕನ್ನಡದಲ್ಲೇ ಲೆಕ್ಕ ಹೇಳಿಕೊಟ್ಟ ಮೊದಲ ದೊಡ್ಡ ಹೆಸರು ಅವನದು. ಮಹಾವೀರಾಚಾರ್ಯರ ಮೂಲ ಮಾತ್ರ ಓಲೆಗರಿಗಳಲ್ಲೇ ಇತ್ತು. ಮದ್ರಾಸಿನ ಎಂ. ರಂಗಾಚಾರ್ಯರು ಹಸ್ತಪ್ರತಿಗಳನ್ನ ಹುಡುಕಿ ಕೂಡಿಸಿ, 1912ರಲ್ಲಿ ಇಂಗ್ಲಿಷ್ ಅನುವಾದದ ಜೊತೆ ಅಚ್ಚು ಹಾಕಿಸಿದರು. ಅವರಿಗೆ ಸಿಕ್ಕ ಪ್ರತಿಗಳಲ್ಲಿ ಕನ್ನಡ ಲಿಪಿಯಲ್ಲಿ ಬರೆದದ್ದು, ಕನ್ನಡ ಟೀಕೆ ಇದ್ದದ್ದು, ಮೂಡುಬಿದಿರೆಯಿಂದ ಬಂದದ್ದು ಎಲ್ಲ ಇದ್ದವು. ಅಂದರೆ ಸಂಸ್ಕೃತ ಪದ್ಯ ಓದಿ, ಕನ್ನಡದಲ್ಲಿ ಅರ್ಥ ಬರೆದುಕೊಂಡು ಲೆಕ್ಕ ಕಲಿತ ಹುಡುಗರು ಇಲ್ಲಿದ್ದರು. 2000ದಲ್ಲಿ ಹೊಂಬುಜ ಜೈನ ಮಠದಿಂದ ಪದ್ಮಾವತಮ್ಮ ಅವರ ಕನ್ನಡ ಅನುವಾದವೂ ಬಂತು.

ಕೊನೆಗೆ ಅವರದ್ದೇ ಒಂದು ಲೆಕ್ಕ ಬಿಟ್ಟು ಹೋಗ್ತೀವಿ. 3 ಪಣಕ್ಕೆ 5 ಪಾರಿವಾಳ, 5 ಪಣಕ್ಕೆ 7 ಸಾರಸ, 7 ಪಣಕ್ಕೆ 9 ಹಂಸ, 9 ಪಣಕ್ಕೆ 3 ನವಿಲು. ರಾಜಕುಮಾರನ ಆಟಕ್ಕೆ 100 ಪಣಕ್ಕೆ ಸರಿಯಾಗಿ 100 ಹಕ್ಕಿ ತರಬೇಕು. ಸಮೀಕರಣ ಎರಡು, ಗೊತ್ತಿಲ್ಲದ್ದು ನಾಲ್ಕು, ಉತ್ತರ ಒಂದಕ್ಕಿಂತ ಜಾಸ್ತಿ. 15 ಪಾರಿವಾಳ, 28 ಸಾರಸ, 45 ಹಂಸ, 12 ನವಿಲು ಅಂತ ನಾವು ಒಂದು ಹೇಳಿಬಿಟ್ಟಿದ್ದೀವಿ. ನವಿಲು 12 ಇದ್ದೇ ಬೇರೆ ಉತ್ತರಗಳೂ ಇವೆ, ನವಿಲು 15 ಆಗುವ ಉತ್ತರವೂ ಇದೆ. ಎಕ್ಸ್ ಬೇಡ, ಪಾ, ಸಾ, ಹಂ, ನ ಅಂತ ಬರೆದು ಬಿಡಿಸಿ ಕ್ಲಬ್‌ಗೆ ಕಳಿಸಿ.